ಸೇನೆ ರೆಡಿ ಇದೆಯಾ? ಎಷ್ಟು ಹೊತ್ತಿಗೆ ರೆಡಿ?

ಹೋದ ಸಂಚಿಕೆಯಲ್ಲಿ ಯುದ್ಧ ಸನ್ನದ್ಧತೆಯ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ‘ನಾವು ಇಷ್ಟು ಪರ್ಸೆಂಟ್ ರೆಡಿ’ ಅಂತ ಯಾವ ದೇಶದ ಸೇನೆ ಹೇಳಿದರೂ ನಾನು ಅರ್ಧ ಮಾತ್ರ ನಂಬುತ್ತೇನೆ ಎಂದಿದ್ದೆ. ಅದಕ್ಕೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬಿವೆ. ಹೊಸ ಓದುಗರಿಗಾಗಿ ಹೇಳಿಬಿಡುತ್ತೇನೆ. ನಾನು ಸೇನೆಯ ವರ್ಕ್‌ಶಾಪಿನಲ್ಲಿ ಗಾಡಿ ರಿಪೇರಿ ಮಾಡಿಸುತ್ತಾ ಸರ್ವಿಸ್ ಮುಗಿಸಿದವನು. ಎಷ್ಟು ಗಾಡಿ ಓಡುತ್ತವೆ, ಎಷ್ಟು ನಿಂತಿವೆ ಅಂತ ಬೆಳಿಗ್ಗೆ ಬೆಳಿಗ್ಗೆ ಬರೆದು ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ನನ್ನ ಉತ್ತರಗಳಲ್ಲಿ ಗ್ರೀಸ್ ವಾಸನೆ ಸ್ವಲ್ಪ ಜಾಸ್ತಿ.

ಸರ್, ಒಂದು ಸೇನೆ ಯುದ್ಧಕ್ಕೆ ತಯಾರಿದೆಯೋ ಇಲ್ಲವೋ ಅಂತ ಅಳೆಯುವುದು ಹೇಗೆ? ಸೈನಿಕರು, ಟ್ಯಾಂಕು, ವಿಮಾನ ಎಣಿಸಿದರೆ ಸಾಲದೇ? (ಪದವಿ ವಿದ್ಯಾರ್ಥಿನಿ)

ಎಣಿಸಿದರೆ ಬಲ ಎಷ್ಟಿದೆ ಅಂತ ಗೊತ್ತಾಗುತ್ತದೆ ತಂಗಿ. ಆ ಬಲ ನಾಳೆ ಗೇಟು ದಾಟುತ್ತದೆಯೇ ಅನ್ನುವುದು ಗೊತ್ತಾಗುವುದಿಲ್ಲ. ಶೆಡ್ಡಿನಲ್ಲಿ ಹತ್ತು ಟ್ಯಾಂಕ್ ನಿಂತಿವೆ ಅಂದುಕೊಳ್ಳಿ. ಮೂರಕ್ಕೆ ಟ್ರ್ಯಾಕ್ ಬಿಚ್ಚಿದ್ದಾರೆ. ಎರಡರ ಡ್ರೈವರ್‌ಗಳು ರಜೆಯಲ್ಲಿದ್ದಾರೆ. ಎಣಿಕೆಯಲ್ಲಿ ಮಾತ್ರ ಹತ್ತೂ ಇವೆ.

ಈ ಲೆಕ್ಕವನ್ನು ದಶಕಗಳಿಂದ ಕ್ರಮವಾಗಿ ಇಟ್ಟುಕೊಂಡು ಬಂದಿರುವುದು ಅಮೆರಿಕದ ಸೇನೆ. ಅದರ ನಿಯಮಗಳೂ ಬಹುಪಾಲು ಬಹಿರಂಗವಾಗಿವೆ, ಅದಕ್ಕೇ ಅದನ್ನೇ ಹೇಳುತ್ತೇನೆ. ಅಲ್ಲಿ ಪ್ರತಿ ಘಟಕವನ್ನೂ ನಾಲ್ಕು ಕಡೆಯಿಂದ ನೋಡುತ್ತಾರೆ. ಜನ ಎಷ್ಟಿದ್ದಾರೆ? ಕೊಡಬೇಕಾದ ಸಾಮಾನು ಕೈಗೆ ಬಂದಿದೆಯೇ? ಬಂದ ಸಾಮಾನು ಕೆಲಸ ಮಾಡುತ್ತಿದೆಯೇ? ತರಬೇತಿ ಆಗಿದೆಯೇ? ಒಂದೊಂದಕ್ಕೂ 1ರಿಂದ 4ರವರೆಗೆ ದರ್ಜೆ. ಜನರ ಲೆಕ್ಕದಲ್ಲಿ ಶೇ 90 ಮುಟ್ಟಿದರೆ 1, ಶೇ 80 ಮುಟ್ಟಿದರೆ 2, ಶೇ 70 ಮುಟ್ಟಿದರೆ 3, ಅದಕ್ಕೂ ಕೆಳಗಿದ್ದರೆ 4. ಕೆಲಸ ಮಾಡುವ ಸಾಮಾನಿನ ಲೆಕ್ಕದಲ್ಲಿ ಇದು 90, 70, 60. ಕೊನೆಗೆ ಇಡೀ ಘಟಕಕ್ಕೆ ಒಂದು ದರ್ಜೆ. ಸಿ-1 ಅಂದರೆ ವಹಿಸಿದ ಯುದ್ಧದ ಕೆಲಸ ಪೂರ್ತಿ ಮಾಡಬಲ್ಲದು. ಸಿ-4 ಅಂದರೆ ಇನ್ನಷ್ಟು ಜನ, ಸಾಮಾನು ಅಥವಾ ತರಬೇತಿ ಕೊಡದೆ ಆ ಕೆಲಸ ಪೂರ್ತಿ ಮಾಡಲಾರದು.

ನನಗೆ ತುಂಬಾ ಹಿಡಿಸಿದ್ದು ಇದರಲ್ಲಿರುವ ಒಂದು ನಿಯಮ. ನಾಲ್ಕರ ಸರಾಸರಿ ತೆಗೆಯುವುದಿಲ್ಲ. ಯಾವುದು ಎಲ್ಲಕ್ಕಿಂತ ಕೆಳಗಿದೆಯೋ ಅದೇ ಇಡೀ ಘಟಕದ ದರ್ಜೆ. ಜನ ಶೇ 95, ಸಾಮಾನು ಶೇ 92, ತರಬೇತಿ ಚೆನ್ನಾಗಿದೆ, ಆದರೆ ಓಡುವ ಗಾಡಿ ಶೇ 65 ಅಂತಾದರೆ ಆ ಘಟಕ ಸಿ-3. ಸರಾಸರಿ ತೆಗೆದಿದ್ದರೆ ಫಸ್ಟ್ ಕ್ಲಾಸ್ ಬರುತ್ತಿತ್ತು. ಆದರೆ ಗಾಡಿ ಇಲ್ಲದ ಸೈನಿಕ ನಡೆದೇ ಹೋಗಬೇಕಲ್ವಾ? ಸರಾಸರಿಗೆ ಅದು ಕಾಣುವುದಿಲ್ಲ.

ಕಮಾಂಡರ್‌ಗೆ ತನ್ನ ವಿವೇಚನೆಯ ಮೇಲೆ ಒಟ್ಟು ದರ್ಜೆಯನ್ನು ಏರಿಸುವ, ಇಳಿಸುವ ಅಧಿಕಾರವೂ ಇದೆ. ಕಾರಣ ಬರೆಯಬೇಕು, ಅಷ್ಟೇ. ಇದು ಒಳ್ಳೆಯದೂ ಹೌದು, ಅಪಾಯವೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ.

ತರಬೇತಿಯನ್ನು ಅಳೆಯುವ ರೀತಿ ಮಾತ್ರ ಬೇರೆ. ಅಲ್ಲಿನ ಭೂಸೇನೆಯ ಹಳೆಯ ನಿಯಮದ ಪ್ರಕಾರ ಪರ್ಸೆಂಟ್ ಕೇಳುತ್ತಿರಲಿಲ್ಲ, ದಿನ ಕೇಳುತ್ತಿದ್ದರು. ‘ನಿನ್ನ ಘಟಕ ಪೂರ್ತಿ ಪಳಗಲು ಇನ್ನೆಷ್ಟು ದಿನ ಬೇಕು?’ 14 ದಿನದೊಳಗೆ ಅಂದರೆ 1, 28ರೊಳಗೆ 2, 42ರೊಳಗೆ 3, ಅದಕ್ಕಿಂತ ಜಾಸ್ತಿ ಅಂದರೆ 4. ನನ್ನ ಕೈಲಿದ್ದಿದ್ದರೆ ನಾಲ್ಕು ಕಲಮನ್ನೂ ಹೀಗೇ ಬರೆಸುತ್ತಿದ್ದೆ. ‘30 ಗಾಡಿ ನಿಂತಿವೆ’ ಅನ್ನುವುದರಿಂದ ನನಗೆ ಏನೂ ತಿಳಿಯುವುದಿಲ್ಲ. ಫ್ಯಾನ್ ಬೆಲ್ಟ್ ಇಲ್ಲದೆ ನಿಂತಿದ್ದರೆ ಸಂಜೆಯೊಳಗೆ ಹೊರಡುತ್ತವೆ. ಗೇರ್‌ಬಾಕ್ಸ್ ಇಲ್ಲದೆ ನಿಂತಿದ್ದರೆ ಯುದ್ಧ ಮುಗಿದ ಮೇಲೆ ಹೊರಡುತ್ತವೆ. ರಿಪೋರ್ಟಿನಲ್ಲಿ ಎರಡೂ ಒಂದೇ ಅಂಕಿ.

ಶೇ 80 ಅಂದರೆ ಒಳ್ಳೆಯ ಅಂಕವೇ ಅಲ್ವಾ? ನೀವು ಯಾಕೆ ಅನುಮಾನ ಪಡ್ತೀರಿ? (ಶಾಲಾ ಶಿಕ್ಷಕರು)

ಮೇಷ್ಟ್ರೇ, ಪರೀಕ್ಷೆಯಲ್ಲಿ 80 ಬಂದರೆ ಉಳಿದ 20 ಯಾವ ಪ್ರಶ್ನೆ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳಲೇಬೇಕು.

1980ರ ಏಪ್ರಿಲ್ 24 ನೆನಪಿಸಿಕೊಳ್ಳಿ. ಟೆಹ್ರಾನಿನಲ್ಲಿ ಒತ್ತೆಯಾಳುಗಳಾಗಿದ್ದ ತನ್ನವರನ್ನು ಬಿಡಿಸಿಕೊಂಡು ಬರಲು ಅಮೆರಿಕ ಒಂದು ಕಾರ್ಯಾಚರಣೆ ಮಾಡಿತು. ನಿಮಿಟ್ಜ್ ಯುದ್ಧನೌಕೆಯಿಂದ ಎಂಟು ಹೆಲಿಕಾಪ್ಟರ್ ಹೊರಟವು. ಕೆಲಸಕ್ಕೆ ಕನಿಷ್ಠ ಆರು ಬೇಕು ಅಂತ ಮೊದಲೇ ಲೆಕ್ಕ ಹಾಕಿದ್ದರು. ಎರಡು ಎಕ್ಸ್‌ಟ್ರಾ ಇವೆ, ಸಾಕು ಅನ್ನಿಸಿತ್ತು. ಆ ಹೆಲಿಕಾಪ್ಟರಿನ ರೆಕ್ಕೆಯೊಳಗೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ರೆಕ್ಕೆ ಬಿರುಕು ಬಿಟ್ಟರೆ ಗ್ಯಾಸ್ ಸೋರುತ್ತದೆ, ಪೈಲಟ್ ಮುಂದೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ದಾರಿಯಲ್ಲಿ ಒಂದರಲ್ಲಿ ಆ ದೀಪ ಹೊತ್ತಿತು. ಅದನ್ನು ಮರುಭೂಮಿಯಲ್ಲೇ ಬಿಟ್ಟರು. ಎರಡನೆಯದು ಧೂಳಿನ ಮೋಡದೊಳಗೆ ಸಿಕ್ಕಿತು, ಉಪಕರಣಗಳು ಕೈಕೊಟ್ಟವು, ವಾಪಸ್ ಹೋಯಿತು. ಮೂರನೆಯದು ಕಷ್ಟಪಟ್ಟು ಸೇರಬೇಕಾದ ಜಾಗ ಸೇರಿತು, ಆದರೆ ಅದರ ಹೈಡ್ರಾಲಿಕ್ ಪಂಪ್ ಹಾಳಾಗಿತ್ತು. ಉಳಿದದ್ದು ಐದು. ಕಾರ್ಯಾಚರಣೆ ಅಲ್ಲಿಗೇ ರದ್ದು. ಹಿಂದಿರುಗುವ ಗಡಿಬಿಡಿಯಲ್ಲಿ ಒಂದು ಹೆಲಿಕಾಪ್ಟರ್ ಸಾಗಣೆ ವಿಮಾನಕ್ಕೆ ತಾಗಿ ಎಂಟು ಜನ ಸತ್ತರು.

ಹೊರಡುವಾಗ ಡೆಕ್ಕಿನ ಮೇಲೆ ಶೇ 100 ರೆಡಿ. ಕೆಲವೇ ಗಂಟೆಗಳ ನಂತರ, ಬೇಕಾದ ಜಾಗದಲ್ಲಿ, ಎಂಟಕ್ಕೆ ಐದು. ನಾನು ಗಂಟೆ ಕೇಳುವುದು ಇದಕ್ಕೇ. ಎಷ್ಟು ಹೊತ್ತಿಗೆ ರೆಡಿ, ಎಷ್ಟು ಹೊತ್ತು ರೆಡಿ, ಯಾವ ಕೆಲಸಕ್ಕೆ ರೆಡಿ? ನ್ಯಾಟೋ ದೇಶಗಳು 2018ರಲ್ಲಿ ಒಪ್ಪಿಕೊಂಡ ಗುರಿ ಈ ಲೆಕ್ಕದಲ್ಲಿ ವಾಸಿ. 30 ಬೆಟಾಲಿಯನ್, 30 ವಿಮಾನ ದಳ, 30 ಯುದ್ಧನೌಕೆ, 30 ದಿನದೊಳಗೆ. ಕೊನೆಯ ಮೂವತ್ತು ಇಲ್ಲದಿದ್ದರೆ ಮೊದಲ ಮೂರಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಒಂದು ಗಾಡಿಯ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕುತ್ತಾರಂತೆ, ನಿಜವೇ? (ಗ್ಯಾರೇಜ್ ನಡೆಸುವವರು)

ನಿಮಗೆ ಗೊತ್ತಿಲ್ಲದ್ದೇನಲ್ಲ, ಬೇಕಂತಲೇ ಕೇಳ್ತಿದ್ದೀರಿ! ಎಲ್ಲಾ ಸೇನೆಗಳಲ್ಲೂ ನಡೆಯುತ್ತದೆ. ಸ್ಟೋರಿನಲ್ಲಿ ಸ್ಪೇರ್ ಇಲ್ಲ, ಇಂಡೆಂಟ್ ಹಾಕಿ ತಿಂಗಳುಗಟ್ಟಲೆ ಆಗಿದೆ, ನಾಳೆ ಇನ್ಸ್‌ಪೆಕ್ಷನ್. ಆಗ ಹೇಗೂ ನಿಂತಿರುವ ಗಾಡಿಯ ಮೇಲೆ ಕಣ್ಣು ಬೀಳುತ್ತದೆ. ಮೊದಲು ಸ್ಟಾರ್ಟರ್ ಮೋಟಾರ್ ಹೋಗುತ್ತದೆ. ಆಮೇಲೆ ಇಂಜೆಕ್ಟರ್, ಡೈನಮೊ. ಕೊನೆಗೆ ಅದು ಗಾಡಿಯಾಗಿ ಉಳಿಯುವುದಿಲ್ಲ, ಚಾಸಿ ನಂಬರ್ ಇರುವ ಸ್ಟೋರ್ ಆಗುತ್ತದೆ.

ಇದರಿಂದ ಅಂಕಿ ತಕ್ಷಣ ಏರುತ್ತದೆ, ಅದೇ ಇದರ ಆಕರ್ಷಣೆ. ನಷ್ಟ ಆಮೇಲೆ ಕಾಣುತ್ತದೆ. ಒಂದೇ ಭಾಗವನ್ನು ಎರಡು ಸಲ ಬಿಚ್ಚಬೇಕು, ಎರಡು ಸಲ ಕೂರಿಸಬೇಕು. ಬಿಚ್ಚುವಾಗ ಬೋಲ್ಟ್ ಮುರಿಯುತ್ತದೆ, ಗ್ಯಾಸ್ಕೆಟ್ ಹರಿಯುತ್ತದೆ. ಮೆಕ್ಯಾನಿಕ್‌ಗಳಿಗೆ ಬೇಸರ ಬರುತ್ತದೆ. ಅಮೆರಿಕ ಸಂಸತ್ತಿನ ಲೆಕ್ಕ ತಪಾಸಣೆಯ ಸಂಸ್ಥೆ ಜಿಎಒ 2001ರಲ್ಲಿ ಇದನ್ನು ಎಣಿಸಿತು. 1996ರಿಂದ 2000ದವರೆಗಿನ ಐದು ಹಣಕಾಸು ವರ್ಷಗಳಲ್ಲಿ ಅಲ್ಲಿನ ನೌಕಾಪಡೆ, ವಾಯುಪಡೆ ಎರಡೂ ಸೇರಿ ಸುಮಾರು 8,50,000 ಸಲ ಹೀಗೆ ಕಿತ್ತು ಹಾಕಿದ್ದವು. ಅದಕ್ಕೆ ತಗುಲಿದ ಹೆಚ್ಚುವರಿ ಕೆಲಸ 53 ಲಕ್ಷ ಗಂಟೆ. ಅದೂ ವರದಿಯಾದದ್ದು ಮಾತ್ರ.

ನಾನು ಕಂಡ ಇನ್ಸ್‌ಪೆಕ್ಟಿಂಗ್ ಆಫೀಸರ್‌ಗಳಲ್ಲಿ ಬಹಳ ಜನ ಸಾಲಾಗಿ ನಿಲ್ಲಿಸಿದ ಗಾಡಿಗಳ ಮುಂದೆ ನಡೆದುಕೊಂಡು ಹೋಗಿ, ‘ಇದನ್ನು ಸ್ಟಾರ್ಟ್ ಮಾಡು, ಅದನ್ನು ಸ್ಟಾರ್ಟ್ ಮಾಡು’ ಅನ್ನುತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಬ್ಯಾಟರಿ ಕೈಯಿಂದ ಕೈಗೆ ಓಡುತ್ತಿತ್ತು. ಒಬ್ಬರು ಮಾತ್ರ ಬಂದವರೇ ಕುರ್ಚಿ ತರಿಸಿಕೊಂಡು ಕೂತರು. ‘ಎಲ್ಲಾ ಒಟ್ಟಿಗೇ ಸ್ಟಾರ್ಟ್ ಮಾಡಿ. ಅರ್ಧ ಗಂಟೆ ಆಫ್ ಮಾಡಬೇಡಿ’ ಅಂದರು. ಅಷ್ಟೇ. ಇಂಜಿನ್ ಬಿಸಿಯಾಯಿತು, ರೇಡಿಯೇಟರ್ ಸೋರಿತು, ಒಂದೊಂದೇ ಕೆಮ್ಮಿ ನಿಂತವು. ರಿಪೋರ್ಟಿನಲ್ಲಿ ಬರೆದ ಅಂಕಿಗೂ ಕಣ್ಣೆದುರಿನ ಅಂಕಿಗೂ ಎಷ್ಟು ಅಂತರ ಅಂತ ಯಾರೂ ವಿವರಿಸಬೇಕಾಗಲಿಲ್ಲ.

ಅಂಕಿಯನ್ನೇ ಗುರಿ ಮಾಡಿದರೆ ದೊಡ್ಡವರಿಗೂ ಕಷ್ಟವೇ. 2018ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದ ಜಿಮ್ ಮ್ಯಾಟಿಸ್, ಎಫ್-16, ಎಫ್-18, ಎಫ್-22, ಎಫ್-35 ಯುದ್ಧವಿಮಾನಗಳಲ್ಲಿ ಶೇ 80 ಒಂದು ವರ್ಷದೊಳಗೆ ಕಾರ್ಯಾಚರಣೆಗೆ ಸಿಗಬೇಕು ಅಂತ ಆದೇಶ ಮಾಡಿದರು. ನೌಕಾಪಡೆ ತನ್ನ ವಿಮಾನಗಳಲ್ಲಿ ಗುರಿ ಮುಟ್ಟಿತು. ವಾಯುಪಡೆಯ ಎಫ್-22 ಮುಟ್ಟಲಿಲ್ಲ, ಎಫ್-35 ಕೂಡ ಮುಟ್ಟಲಿಲ್ಲ. ಮುಂದೆ ಗುರಿಯನ್ನೇ ಕೈಬಿಟ್ಟರು. ಆದೇಶ ಬಂದ ಮರುತಿಂಗಳೇ, ಅಕ್ಟೋಬರ್ 10ರಂದು, ಮೈಕಲ್ ಚಂಡಮಾರುತ ಫ್ಲಾರಿಡಾದ ಟಿಂಡಾಲ್ ವಾಯುನೆಲೆಗೆ ಬಡಿಯಿತು. ಹಾರಬಲ್ಲ ಎಫ್-22ಗಳೆಲ್ಲ ಮೊದಲೇ ಹಾರಿಹೋಗಿದ್ದವು. ರಿಪೇರಿಯಲ್ಲಿದ್ದವು ಹ್ಯಾಂಗರ್‌ನಲ್ಲೇ ಉಳಿದವು, ಮೇಲಿನ ಛಾವಣಿ ಕಿತ್ತುಬಂತು. ಸನ್ನದ್ಧತೆಯ ವರದಿ ಯಾವ ಸಹಿಯೂ ಇಲ್ಲದೆ ಬಯಲಾದದ್ದು ಹೀಗೆ.

ಜರ್ಮನ್ ಸೈನಿಕರು ಮಷಿನ್ ಗನ್ ಬದಲು ಪೊರಕೆ ಕೋಲು ಕಟ್ಟಿಕೊಂಡಿದ್ದರಂತೆ. ತಮಾಷೆಯೋ ನಿಜವೋ?

ನಿಜ. 2014ರಲ್ಲಿ ನಾರ್ವೆಯಲ್ಲಿ ನಡೆದ ನ್ಯಾಟೋ ಅಭ್ಯಾಸದಲ್ಲಿ ಕೋಲಿಗೆ ಕಪ್ಪು ಬಣ್ಣ ಬಳಿದು ಕವಚವಾಹನದ ಮೇಲೆ ಕಟ್ಟಿದ್ದರು. ಆ ವಾಹನಗಳಿಗೆ ಗನ್ ಬೇಕಿರಲೇ ಇಲ್ಲ ಅಂತ ಆಮೇಲೆ ಸಚಿವಾಲಯ ಸಮಜಾಯಿಷಿ ಕೊಟ್ಟಿತು. ನಗುವುದಕ್ಕೆ ಇದು ಚೆನ್ನ. ಕಲಿಯುವುದಕ್ಕೆ 2022ರ ಡಿಸೆಂಬರ್ ನೋಡಿ. ಪೂಮಾ ಅನ್ನುವ ಹೊಸ ಕಾಲಾಳು ಯುದ್ಧವಾಹನಗಳು 18 ಅಭ್ಯಾಸಕ್ಕೆ ಹೋದವು. ಕೆಲವೇ ದಿನಗಳಲ್ಲಿ 18ಕ್ಕೆ 18 ಕೆಟ್ಟು ನಿಂತವು. ಮುಂದಿನ ತಿಂಗಳಿಂದ ನ್ಯಾಟೋದ ತುರ್ತು ಪಡೆಗೆ ಸೇರಬೇಕಾಗಿದ್ದವು ಅವು. ಬಿಚ್ಚಿ ನೋಡಿದರೆ ಹೆಚ್ಚಿನವು ಸಣ್ಣಪುಟ್ಟ ದೋಷ, ವಾರಗಳಲ್ಲಿ ಸರಿಯಾದವು. ಅಂದರೆ ಆ ದಿನದ ಪರ್ಸೆಂಟ್ ಸೊನ್ನೆ. ದಿನದ ಲೆಕ್ಕದಲ್ಲಿ ಹೇಳಿದ್ದರೆ ‘ಕೆಲವು ವಾರ ಕೊಡಿ’. ಎರಡರಲ್ಲಿ ಯಾವುದು ಮಂತ್ರಿಗೆ ಉಪಯೋಗ, ನೀವೇ ಹೇಳಿ.

ಎಲ್ಲಾ ಪಡೆಗಳನ್ನೂ ಸದಾ ಸಿ-1ರಲ್ಲೇ ಇಡಬಾರದೇಕೆ? ದುಡ್ಡಿನ ಪ್ರಶ್ನೆಯೇ? (ಬ್ಯಾಂಕ್ ನೌಕರರು)

ದುಡ್ಡು ಒಂದು. ಅದಕ್ಕಿಂತ ದೊಡ್ಡದು ಸವೆತ. ರೆಡಿಯಾಗಿರಬೇಕಾದರೆ ಅಭ್ಯಾಸ ಮಾಡಬೇಕು. ಅಭ್ಯಾಸ ಮಾಡಿದರೆ ಟ್ರ್ಯಾಕ್ ಸವೆಯುತ್ತದೆ, ಇಂಜಿನ್ ಗಂಟೆ ಖರ್ಚಾಗುತ್ತದೆ, ಗುಂಡು ಖಾಲಿಯಾಗುತ್ತದೆ, ಮನುಷ್ಯ ಸುಸ್ತಾಗುತ್ತಾನೆ. ಅದಕ್ಕೇ ಸರದಿ ಇಡುತ್ತಾರೆ. ಅಮೆರಿಕದ ನೌಕಾಪಡೆ 2014ರಲ್ಲಿ 36 ತಿಂಗಳ ಒಂದು ಚಕ್ರ ತಂದಿತು. ಮೊದಲು ರಿಪೇರಿ, ಆಮೇಲೆ ತರಬೇತಿ, ಆಮೇಲೆ ಸಮುದ್ರಕ್ಕೆ. ಕೆಲವು ಹಡಗು ರೆಡಿ ಇರುವುದಿಲ್ಲ ಅಂತ ಒಪ್ಪಿಕೊಂಡೇ ಮಾಡಿದ ಲೆಕ್ಕ ಅದು.

ಸರದಿ ತಪ್ಪಿಸಿದರೆ ಏನಾಗುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಜೂನ್ 17ರಂದು ಜಪಾನ್ ಬಳಿ ಫಿಟ್ಜ್‌ಜೆರಾಲ್ಡ್ ಯುದ್ಧನೌಕೆ ಸರಕು ಹಡಗಿಗೆ ಡಿಕ್ಕಿಯಾಯಿತು, ಏಳು ನಾವಿಕರು ಸತ್ತರು. ಆಗಸ್ಟ್ 21ರಂದು ಸಿಂಗಪುರದ ಬಳಿ ಜಾನ್ ಎಸ್. ಮೆಕೇನ್ ನೌಕೆ ಟ್ಯಾಂಕರಿಗೆ ಡಿಕ್ಕಿಯಾಯಿತು, ಹತ್ತು ಜನ ಸತ್ತರು. ಎರಡೂ ಜಪಾನಿನಲ್ಲಿ ನೆಲೆ ಇದ್ದ ಹಡಗುಗಳು. ಅಲ್ಲಿನ ಹಡಗುಗಳ ವೇಳಾಪಟ್ಟಿಯಲ್ಲಿ ತರಬೇತಿಗೆಂದೇ ಮೀಸಲಾದ ಅವಧಿ ಇರಲಿಲ್ಲ. ಸದಾ ‘ಹೊರಡಲು ಸಿದ್ಧ’ ಅನ್ನುವ ಹೆಸರು ಬೇರೆ. ಅವುಗಳ ಯುದ್ಧ ತರಬೇತಿಯ ಪ್ರಮಾಣಪತ್ರಗಳಲ್ಲಿ ಶೇ 37ರ ಅವಧಿ ಮುಗಿದುಹೋಗಿತ್ತು ಅಂತ ಜಿಎಒ ಹೇಳಿತು. ನಾವಿಕರು ವಾರಕ್ಕೆ 108 ಗಂಟೆ ಕೆಲಸ ಮಾಡುತ್ತಿದ್ದರು ಅಂತ ನೌಕಾಪಡೆಯ ಸ್ವಂತ ಅಧ್ಯಯನವೇ 2014ರಲ್ಲಿ ಕಂಡುಕೊಂಡಿತ್ತು. ವಾರದಲ್ಲಿ ಇರುವುದೇ 168 ಗಂಟೆ. ನಿದ್ದೆಗೆಟ್ಟವನು ಜನರ ಕಲಮಿನಲ್ಲಿ ಒಬ್ಬನಾಗಿಯೇ ಎಣಿಕೆಯಾಗುತ್ತಾನೆ.

ಮೀಸಲು ಪಡೆ ಇದ್ದರೆ ಸಾಲದೇ? ಕರೆದಾಗ ಬರುತ್ತಾರಲ್ಲ.

ಬರುತ್ತಾರೆ. ಬಂದವರಿಗೆ ಕೊಡುವ ಸಾಮಾನು ಹೇಗಿದೆ ಅನ್ನುವುದು ಪ್ರಶ್ನೆ. 1973ರ ಅಕ್ಟೋಬರ್‌ನಲ್ಲಿ ಈಜಿಪ್ಟ್, ಸಿರಿಯಾ ದಾಳಿ ಮಾಡಿದಾಗ ಇಸ್ರೇಲಿನ ಮೀಸಲು ಸೈನಿಕರು ಯಾರೂ ಊಹಿಸದಷ್ಟು ಬೇಗ ಉಗ್ರಾಣಗಳಿಗೆ ಬಂದು ಟ್ಯಾಂಕ್ ಹತ್ತಿದರು. ಆದರೆ ಎಷ್ಟೋ ಟ್ಯಾಂಕುಗಳಲ್ಲಿ ಮಷಿನ್ ಗನ್ ಕೂರಿಸಿರಲಿಲ್ಲ. ತೋಪಿನ ಗುರಿ ಸರಿಹೊಂದಿಸುವಷ್ಟೂ ಸಮಯ ಇರಲಿಲ್ಲ. ಹಾಗೆಯೇ ಸಿರಿಯಾ ಕಡೆಯ ಗೋಲನ್ ಬೆಟ್ಟ ಹತ್ತಿದರು.

ನಮ್ಮ ದೇಶದ ಬಗ್ಗೆ ಏನೂ ಹೇಳಲಿಲ್ಲ. ಹೆದರಿಕೆಯೇ?

ಬಹಿರಂಗ ದಾಖಲೆಯಲ್ಲಿ ಇರುವುದನ್ನು ಹೇಳಲು ಹೆದರಿಕೆ ಏನು? 2001ರ ಡಿಸೆಂಬರ್ 13ರ ಸಂಸತ್ ದಾಳಿಯ ನಂತರ, ಪಾಕಿಸ್ತಾನದ ಗಡಿಗೆ ಸೇನೆ ಸಾಗಿಸುವ ಆಪರೇಷನ್ ಪರಾಕ್ರಮ್ ಶುರುವಾಯಿತು. ದಾಳಿ ಮಾಡುವ ಕೋರ್‌ಗಳು, ಅಂದರೆ ಸೇನೆಯ ದೊಡ್ಡ ದೊಡ್ಡ ಪಡೆಗಳು, ಒಳನಾಡಿನ ನೆಲೆಗಳಿಂದ ಗಡಿ ತಲುಪಿ ಸಜ್ಜಾಗಲು ಸುಮಾರು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಎದುರಾಳಿ ಎದ್ದು ನಿಂತಿದ್ದ, ರಾಜತಾಂತ್ರಿಕರ ಓಡಾಟವೂ ಜೋರಾಗಿತ್ತು. ಸೈನಿಕರಲ್ಲಿ, ಟ್ಯಾಂಕಿನಲ್ಲಿ ಕೊರತೆ ಅಂತಲ್ಲ. ಕೊರತೆ ಇದ್ದದ್ದು ಗಡಿಯಾರದಲ್ಲಿ. ಗಡಿಗೆ ಹತ್ತಿರವೇ ಚಿಕ್ಕ, ಚುರುಕಾದ ಪಡೆಗಳು ಬೇಕು ಅನ್ನುವ ಚಿಂತನೆ ಶುರುವಾದದ್ದು ಅಲ್ಲಿಂದ.

ಇನ್ನೊಂದು ಮದ್ದುಗುಂಡು. 40 ದಿನದ ತೀವ್ರ ಯುದ್ಧಕ್ಕೆ ಸಾಕಾಗುವಷ್ಟು ದಾಸ್ತಾನು ಇರಬೇಕು ಅನ್ನುವುದು ಆಗಿನ ನಿಯಮವಾಗಿತ್ತು. 2016ರ ಸೆಪ್ಟೆಂಬರ್‌ನಲ್ಲಿ ನೋಡಿದಾಗ 152 ಬಗೆಗಳಲ್ಲಿ 31 ಮಾತ್ರ ಆ ಮಟ್ಟದಲ್ಲಿದ್ದವು, 61 ಬಗೆ ಹತ್ತು ದಿನಕ್ಕೂ ಸಾಲದಷ್ಟಿದ್ದವು ಅಂತ 2017ರ ಸಿಎಜಿ ವರದಿ ಹೇಳಿತು. ಇದು ಹಳೆಯ ಅಂಕಿ, ಇವತ್ತಿನದಲ್ಲ. ಆದರೆ ಅಳತೆಯ ರೀತಿ ನೋಡಿ. ದಿನದಲ್ಲಿ ಅಳೆದಿದ್ದಾರೆ. ಓದಿದ ಕೂಡಲೇ ಯಾರಿಗಾದರೂ ಅರ್ಥವಾಗುತ್ತದೆ.

ಕೆಳಗಿನವರು ಸುಳ್ಳು ವರದಿ ಕೊಟ್ಟರೆ ಮೇಲಿನವರಿಗೆ ಗೊತ್ತಾಗುವುದಿಲ್ಲವೇ? (ನಿವೃತ್ತ ಸರ್ಕಾರಿ ಅಧಿಕಾರಿ)

ನಿಮ್ಮ ಇಲಾಖೆಯಲ್ಲಿ ಗೊತ್ತಾಗುತ್ತಿತ್ತೇ ಸಾರ್?

ಸುಳ್ಳು ಅನ್ನುವುದಕ್ಕಿಂತ, ಹೆಚ್ಚಿನ ಸಲ ಅಸಾಧ್ಯವಾದದ್ದನ್ನು ಕೇಳುತ್ತಾರೆ, ಕೆಳಗಿನವನು ಸುಮ್ನೆ ಟಿಕ್ ಹಾಕುತ್ತಾನೆ. ಅಮೆರಿಕದ ಆರ್ಮಿ ವಾರ್ ಕಾಲೇಜಿನಲ್ಲಿ 2002ರಲ್ಲಿ ಒಂದು ಲೆಕ್ಕ ಮಾಡಿದರು. ಒಬ್ಬ ಕಂಪನಿ ಕಮಾಂಡರ್ (ಕಂಪನಿ ಅಂದರೆ ನೂರಿನ್ನೂರು ಸೈನಿಕರ ಘಟಕ) ವರ್ಷದಲ್ಲಿ ಮಾಡಿಸಲೇಬೇಕಾದ ತರಬೇತಿ ಎಲ್ಲಾ ಕೂಡಿಸಿದರೆ 297 ದಿನ. ಅವನಿಗೆ ಸಿಗುವ ದಿನ 256. ಎಲ್ಲಾ ಆಗಿದೆ ಅಂತ ಅವನು ಸಹಿ ಹಾಕಿದ ವರದಿ ಮೇಲಕ್ಕೆ ಹೋಗುತ್ತದೆ. ಅದಕ್ಕೆ ಮೇಲಿನವರು ಇನ್ನೊಂದು ಸಹಿ ಹಾಕುತ್ತಾರೆ. ಯಾರ ಮೇಲೆ ಕೇಸ್ ಹಾಕುತ್ತೀರಿ?

ಮೇಲಿನವರೇ ಒಳ್ಳೆಯ ಅಂಕಿ ಬಯಸಿದರೆ ಇನ್ನೂ ಕೆಟ್ಟದ್ದು. ದರ್ಜೆ ಏರಿಸುವ ಅಧಿಕಾರ ಅಪಾಯವೂ ಹೌದು ಅಂದದ್ದು ಇದಕ್ಕೇ. ಅಫ್ಗಾನಿಸ್ತಾನದ ಪಡೆಗಳಿಗೆ ಅಮೆರಿಕದವರು ದರ್ಜೆ ಕೊಡುತ್ತಿದ್ದರು. ಎಲ್ಲಕ್ಕಿಂತ ಮೇಲಿನ ದರ್ಜೆ ‘ಸ್ವತಂತ್ರವಾಗಿ ಕಾರ್ಯಾಚರಣೆ ಮಾಡಬಲ್ಲದು’. 2011ರಲ್ಲಿ ಅದನ್ನು ‘ಸಲಹೆಗಾರರ ಜೊತೆ ಸ್ವತಂತ್ರ’ ಅಂತ ಬದಲಿಸಿದರು. ಮೇಲಿನ ದರ್ಜೆ ಪಡೆದ ಘಟಕಗಳು ಜಾಸ್ತಿಯಾದವು. 2017ರಲ್ಲಿ ಆ ಸೇನೆಯ ಬಲಾಬಲದ ಅಂಕಿಗಳನ್ನೇ ಗುಟ್ಟು ಮಾಡಿದರು. 2021ರಲ್ಲಿ ಕಾಗದದ ಮೇಲೆ 3,00,000 ಜನರಿದ್ದ ಪಡೆ ಏನಾಯಿತು ಅಂತ ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ.

ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಕೆಟ್ಟ ಅಂಕಿ ಕಳಿಸಿದವನನ್ನು ಮೊದಲ ದಿನವೇ ಬೈಯಬಾರದು. ಹಿಂದೆಯೇ ಸ್ಪೇರ್ ಕಳಿಸಬೇಕು. ಕೆಟ್ಟದ್ದು ಬರೆದರೆ ಸಾಮಾನು ಸಿಗುತ್ತದೆ ಅಂತ ಗೊತ್ತಾದ ವರ್ಕ್‌ಶಾಪಿನಲ್ಲಿ ಯಾರೂ ಸುಳ್ಳೇ ಒಳ್ಳೆಯದು ಬರೆಯುವುದಿಲ್ಲ. ಹೌದು, ಆಗ ಕೆಲವರು ಬೇಕಂತಲೇ ಕೆಟ್ಟದ್ದು ಬರೆಯುತ್ತಾರೆ. ಅದನ್ನು ಹಿಡಿಯುವುದು ಸುಲಭ. ಕುರ್ಚಿ ಹಾಕಿಕೊಂಡು ಕೂತು, ಎಲ್ಲಾ ಸ್ಟಾರ್ಟ್ ಮಾಡಿ ಅಂದರೆ ಆಯಿತು.

ಇದನ್ನೆಲ್ಲ ಬಹಿರಂಗವಾಗಿ ಚರ್ಚಿಸಿದರೆ ಶತ್ರುವಿಗೆ ಅನುಕೂಲ ಅಲ್ವಾ?

ಯಾವ ಘಟಕ, ಯಾವ ಜಾಗ, ಯಾವ ದಿನ ಅನ್ನುವ ವಿವರ ಗುಟ್ಟಾಗಿರಲೇಬೇಕು. ಒಟ್ಟು ಚಿತ್ರ ದುಡ್ಡು ಕೊಡುವವರ ಪ್ರತಿನಿಧಿಗಳಿಗೆ ಗೊತ್ತಿರಬೇಕು. 1980ರಲ್ಲಿ ಅಮೆರಿಕದ ಭೂಸೇನಾ ಮುಖ್ಯಸ್ಥ ಜನರಲ್ ಎಡ್ವರ್ಡ್ ಮೇಯರ್ ಸಂಸತ್ ಸಮಿತಿಯ ಎದುರು ಕೂತು, ನಮ್ಮದು ಟೊಳ್ಳು ಸೇನೆ ಅಂತ ನೇರವಾಗಿ ಹೇಳಿದರು. ಶತ್ರು ಅಂದೇ ದಾಳಿ ಮಾಡಲಿಲ್ಲ. ಚರ್ಚೆಯಾಯಿತು, ಮುಂದಿನ ವರ್ಷಗಳಲ್ಲಿ ಹಣ ಬಂತು, ತರಬೇತಿ ಬಂತು. ಜರ್ಮನಿ 2019ರಲ್ಲಿ ತನ್ನ ಆಯುಧಗಳ ಸ್ಥಿತಿಯ ವರದಿಯನ್ನು ಗುಟ್ಟು ಮಾಡಿತು. ಪೂಮಾಗಳ ಸುದ್ದಿ ಆಮೇಲೂ ಸೋರಿಕೆಯಾಗಿಯೇ ಬಂತು.

ಮದ್ದುಗುಂಡಿನ ಆಯುಸ್ಸು ಎಷ್ಟು ವರ್ಷ, ಹಳೆಯದನ್ನು ಏನು ಮಾಡುತ್ತಾರೆ ಅಂತ ಕೇಳಿದವರಿಗೆ ಈ ಸಲ ಜಾಗ ಸಾಲಲಿಲ್ಲ. ಮುಂದಿನ ಸಂಚಿಕೆಯಲ್ಲಿ ಅದರಿಂದಲೇ ಶುರು ಮಾಡುತ್ತೇನೆ.